ಕೊಟ್ರಮ್ಮನ ಸೆರಗಿನ ಗಂಟು

ಕೊಟ್ರಮ್ಮ ನಿದ್ದೆಯಲ್ಲಿ ಏನನ್ನೂ ಹೇಳಿರಲಿಲ್ಲ. ಹೇಳಿದಳು ಎಂದದ್ದು ನಾನು. ಸುಳ್ಳು ಹೇಳಿದೆ — ಕಟ್ಟಿಕೊಂಡ ಹೆಂಡತಿಯ ಮುಖ ನೋಡಿಕೊಂಡೇ ಹೇಳಿದೆ — ಅವಳು ಅದನ್ನು ನಂಬಿದಳು, ನಂಬಿಕೊಂಡೇ ಸತ್ತಳು. ನಾನು ಹೇಳಬೇಕಾದದ್ದು ಇಷ್ಟೇ. ಉಳಿದದ್ದು ಇದೆಲ್ಲ ಹೇಗಾಯಿತು ಎಂಬುದರ ವಿವರ. ವಿವರ ಓದುತ್ತಾ ಓದುತ್ತಾ ನೀವು ನನ್ನ ಮೇಲೆ ಕನಿಕರಪಟ್ಟೀರಿ ಎಂದು ಹೆದರಿ ತಪ್ಪನ್ನು ಮೊದಲೇ ಹೇಳಿಬಿಟ್ಟೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ — ಈ ಕಡೆಯ ಹಳ್ಳಿಗಳಲ್ಲಿ ತೊಂಬತ್ತರ ದಶಕದಲ್ಲಿ ಸಂಜೆ ಹೊತ್ತು ಊರ ಕಟ್ಟೆಯ ಮುಂದೆ ಕೂತು ಹಾಡು ಕೇಳಿದವರಿಗೆ ನಮ್ಮ ನೆನಪು ಇದ್ದೀತು. ಗಂಡ ದಮ್ಮಡಿ ಬಡಿಯುತ್ತಿದ್ದ, ಹೆಂಡತಿ ತಾಳ ಹಾಕುತ್ತಿದ್ದಳು. ಹೆಸರು ಗೊತ್ತಿಲ್ಲದವರು ‘ಗಂಡ ಹೆಂಡ್ತಿ ಪದ ಹೇಳೋರು’ ಎನ್ನುತ್ತಿದ್ದರು. ಆ ಗಂಡ ನಾನು, ಹುಲುಗಪ್ಪ. ಸಾರಾಯಿ ಬಿಡಿ ಎಂದು ಹಾಡಿದೆವು, ಹೆಬ್ಬೆಟ್ಟು ಒತ್ತುವುದು ಬಿಟ್ಟು ಸಹಿ ಮಾಡುವುದನ್ನು ಕಲಿಯಿರಿ ಎಂದು ಹಾಡಿದೆವು, ಹೆಣ್ಣು ಕೂಸುಗಳಿಗೆ ತಾಳಿ ಕಟ್ಟಬೇಡಿ ಎಂದು ಹಾಡಿದೆವು. ದೊಡ್ಡವರಾರೋ ನಮ್ಮನ್ನು ಜನರ ಕಣ್ಣು ತೆರೆಸುವವರು ಎಂದು ವೇದಿಕೆಯಲ್ಲಿ ಹೊಗಳಿದ್ದೂ ಉಂಟು. ಶಾಲು ಹೊದಿಸಿಕೊಂಡು ನಾನು ಬೀಗಿದ್ದೂ ಉಂಟು.

ಕೊಟ್ರಮ್ಮ ಕೊಟ್ಟೂರಿನ ಮಗ್ಗುಲಿನ ಹಳ್ಳಿಯವಳು. ಶೇಂಗಾ ಬಿಡಿಸುವ ಹೆಂಗಸರ ನಡುವೆ ಕೂತು ಹಾಡುತ್ತಿದ್ದಳು; ಆ ದನಿ ಕೇಳಿಯೇ ನಾನು ಅವಳ ಮನೆಗೆ ಹೆಣ್ಣು ಕೇಳಲು ಹೋದದ್ದು. ನಾನು ಭಜನೆ ಮೇಳದವನು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು, ನಾಲಿಗೆ ಅದಕ್ಕಿಂತ ಮುಂದೆ. ಒಂದು ಒಳ್ಳೆಯ ಸಾಲು ಹೊಳೆಯಿತೆಂದರೆ ಅದನ್ನು ಯಾರಿಗಾದರೂ ಕೇಳಿಸುವವರೆಗೆ ನನಗೆ ತುತ್ತು ಇಳಿಯುತ್ತಿರಲಿಲ್ಲ. ಅವಳು ನಗುತ್ತಿದ್ದಳು: “ನಿಮ್ಮ ಹೊಟ್ಟ್ಯಾಗ ಅನ್ನ ನಿಂತೀತು, ಪದ ನಿಂದ್ರಾದಿಲ್ಲ ಬಿಡ್ರಿ.” ಆಗ ನಾನೂ ನಗುತ್ತಿದ್ದೆ.

ನಾವು ಹಾಡುತ್ತಿದ್ದ ರೀತಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಾನು ಒಂದು ಸಾಲು ಎತ್ತಬೇಕು. ಅವಳು ಅದೇ ಸಾಲನ್ನು ಮೇಲಿನ ದನಿಯಲ್ಲಿ ತಿರುಗಿ ಹೇಳಬೇಕು. ಇದಕ್ಕೆ ನಾವು ‘ಎತ್ತುವುದು, ಒಪ್ಪಿಸುವುದು’ ಎನ್ನುತ್ತಿದ್ದೆವು. ಒಪ್ಪಿಸುವವರು ಯೋಚಿಸಬಾರದು, ಯೋಚಿಸಿದರೆ ತಾಳ ತಪ್ಪುತ್ತದೆ. ನಾನು ಅಲ್ಲೇ ಕಟ್ಟಿ ಅಲ್ಲೇ ಎತ್ತಿದ ಸಾಲನ್ನೂ ಕೊಟ್ರಮ್ಮ ತಡವರಿಸದೆ ಒಪ್ಪಿಸುತ್ತಿದ್ದಳು. ನನ್ನ ಬಾಯಿಂದ ಬಂದದ್ದು ಅವಳ ಬಾಯಿಂದ ಬಂದ ಮೇಲೆಯೇ ಜನಕ್ಕೆ ಮುಟ್ಟುತ್ತಿತ್ತು — ದನಿ ಇದ್ದದ್ದು ಅವಳಿಗೆ, ನನಗೇನಿತ್ತು, ಬರೀ ಗಂಟಲು.

ಪ್ರತಿ ಊರಿನಲ್ಲೂ ಕೊನೆಗೆ ಒಂದು ‘ಊರ ಪದ’ ಹಾಡುವುದು ನಮ್ಮ ರೂಢಿ. ಅದು ಆ ಊರಿಗಾಗಿ ಅವತ್ತೇ ಕಟ್ಟಿದ್ದು. ಬೆಳಿಗ್ಗೆಯ ಬಸ್ಸಿಗೆ ಹೋಗಿ ಇಳಿಯುತ್ತಿದ್ದೆವು. ಕೊಟ್ರಮ್ಮ ಹೆಂಗಸರು ಕೆಲಸ ಮಾಡುವಲ್ಲಿಗೆ ಹೋಗಿ ಕೂರುತ್ತಿದ್ದಳು. ಹಡಗಲಿ ಕಡೆಯಾದರೆ ಮಲ್ಲಿಗೆ ಕಟ್ಟುವ ಪಡಸಾಲೆಗೆ. ಹೂ ಕಟ್ಟುತ್ತಾ ಅವರು ಮಾತಾಡುತ್ತಿದ್ದರು. ಹಾಡಿಗೆ ಬರುವಂಥದ್ದನ್ನು ಅವಳು ನನಗೆ ತಂದು ಹೇಳುತ್ತಿದ್ದಳು. ಯಾರಾದರೂ ‘ಇದು ನಿನ್ನೊಳಗೇ ಇರಲಿ’ ಎಂದು ಏನನ್ನಾದರೂ ಹೇಳಿಕೊಂಡರೆ, ಅವರ ಎದುರಿಗೇ ಸೆರಗಿನ ತುದಿಗೆ ಒಂದು ಗಂಟು ಹಾಕುತ್ತಿದ್ದಳು. ಊರ ಗಡಿ ದಾಟಿದ ಮೇಲೆ, ಬಸ್ಸಿನಲ್ಲಿ ಕೂತು ಬಿಚ್ಚುತ್ತಿದ್ದಳು. ಗಂಟು ಕಂಡರೆ ನಾನು ಕೇಳುವಂತಿಲ್ಲ. ಇದು ಅವಳೇ ಮಾಡಿದ ಕಾನೂನು.

“ಏನ್ ಲೇ, ಇವತ್ತು ಗಂಟು ದಪ್ಪ ಐತಿ?” ಎಂದು ನಾನು ಚುಡಾಯಿಸುತ್ತಿದ್ದೆ.

“ದಪ್ಪರ ಇರಲಿ, ಸಣ್ಣದರ ಇರಲಿ, ನಿಮಗೇನು? ದಮ್ಮಡಿ ಕಾಸ್ಕೋರಿ, ಹೋಗ್ರಿ.”

ಇನ್ನೊಂದು ಸಂಗತಿ. ಕೊಟ್ರಮ್ಮನಿಗೆ ನಿದ್ದೆಯಲ್ಲಿ ಗುನುಗುವ ಅಭ್ಯಾಸವಿತ್ತು. ಮಧ್ಯಾಹ್ನ ಉಂಡು ಯಾರದೋ ಪಡಸಾಲೆಯಲ್ಲಿ ಒಂದು ಗಳಿಗೆ ಅಡ್ಡಾದರೆ ಅವಳ ಗಂಟಲಿನಿಂದ ಯಾವುದೋ ಪದದ ತುಣುಕು ಸಣ್ಣಗೆ ಬರುತ್ತಿತ್ತು. ಮಾತಲ್ಲ, ಬರೀ ರಾಗ. ನಾನು ಅದನ್ನು ಜನರ ಮುಂದೆ ಹೇಳಿ ನಗಿಸುತ್ತಿದ್ದೆ: “ನಮ್ಮಾಕಿ ನಿದ್ದ್ಯಾಗೂ ಒಪ್ಪಿಸ್ತಾಳ ನೋಡ್ರಿ.” ಎಲ್ಲ ಊರಲ್ಲೂ ಈ ಮಾತಿಗೆ ನಗು ಬೀಳುತ್ತಿತ್ತು. ಅವಳು ನಾಚಿಕೊಂಡು ತಾಳದಿಂದ ನನ್ನ ತೋಳಿಗೆ ಮೆಲ್ಲಗೆ ತಿವಿಯುತ್ತಿದ್ದಳು.

ಈಗ ಆ ಊರಿಗೆ ಬರುತ್ತೇನೆ. ಹಡಗಲಿಯಿಂದ ಹೊಳೆಯ ಕಡೆಗೆ ಹೋಗುವ ದಾರಿಯಲ್ಲಿದೆ. ಊರಿನ ಹೆಸರು ಬೇಡ. ಆ ಹೆಣ್ಣುಮಗಳನ್ನು ಇಲ್ಲಿ ಗಾಳೆಮ್ಮ ಎಂದು ಕರೆಯುತ್ತೇನೆ, ಅದು ಅವಳ ಹೆಸರಲ್ಲ. ಬರೆಯಲು ಅವಳ ಒಪ್ಪಿಗೆ ಕೇಳಿದ್ದೇನೆ. “ಬರಿ, ಆದ್ರ ಯಾರಿಗೂ ನನ್ನ ಗುರ್ತು ಸಿಗಬಾರದು” ಎಂದಿದ್ದಾಳೆ.

ಗಾಳೆಮ್ಮ ಹಿಂದಿನ ವರ್ಷ ಹಡಗಲಿಯಲ್ಲಿ ನಮ್ಮ ಹಾಡು ಕೇಳಿದ್ದಳು. ಹೆಣ್ಣುಮಕ್ಕಳ ಕೊರಳಿಗೆ ಮುತ್ತು ಕಟ್ಟಿ ದೇವರಿಗೆ ಬಿಡುವ ಪದ್ಧತಿ ಕಾನೂನು ಬಂದ ಮೇಲೂ ನಮ್ಮ ಕಡೆ ಕದ್ದುಮುಚ್ಚಿ ನಡೆಯುತ್ತಿತ್ತು. ಅದರ ಮೇಲೆ ನಾವೊಂದು ಪದ ಕಟ್ಟಿದ್ದೆವು. ಆ ಪದ ಕೇಳಿ ಅತ್ತವಳು, ನಮ್ಮೂರಿಗೆ ಬಂದರೆ ನಮ್ಮ ಮನೆಯಲ್ಲೇ ಉಣ್ಣಬೇಕು ಎಂದು ಕೊಟ್ರಮ್ಮನ ಕೈ ಹಿಡಿದು ಹೇಳಿದ್ದಳು. ಹಾಗೆ ಆ ದಿನ ಅವಳ ಮನೆಗೆ ಹೋದೆವು. ಅವಳ ಅಣ್ಣ, ಅತ್ತಿಗೆ, ಅವರ ಮಗಳು ನೀಲಾ (ಇದೂ ಬದಲಿಸಿದ ಹೆಸರು), ಮತ್ತು ಗಂಡ ಸತ್ತ ಈ ಗಾಳೆಮ್ಮ — ಊರಿನವರು ತಿಳಿದಿದ್ದ ಪ್ರಕಾರ ಮನೆಯಲ್ಲಿ ಇವರು. ನೀಲಾಳಿಗೆ ಮದುವೆ ಗೊತ್ತಾಗಿತ್ತು. ಗಂಡು ಹರಪನಹಳ್ಳಿ ಕಡೆಯವನು, ಬಾಗಳಿಯ ಹತ್ತಿರದವನು. ಹುಡುಗಿ ನಮಗೆ ರೊಟ್ಟಿ ಬಡಿಸಿ, ನಕ್ಕು, ಗೆಳತಿಯರ ಜೊತೆ ತೋಟಕ್ಕೆ ಹೋದಳು.

ಊಟವಾದ ಮೇಲೆ ಕೊಟ್ರಮ್ಮ ಮತ್ತು ಗಾಳೆಮ್ಮ ಒಳಗೆ ಹೂ ಕಟ್ಟುತ್ತಾ ಕೂತರು. ಮೋಡದ ದಿನ, ದಮ್ಮಡಿಯ ಚರ್ಮ ಸಡಿಲವಾಗಿತ್ತು. ಒಂದಿಷ್ಟು ಬಿಸಿಲು ಇಣುಕಿದಾಗ ಕಾಯಿಸೋಣವೆಂದು ನಾನು ಹಿತ್ತಲಿಗೆ ಹೋದೆ. ಅಲ್ಲಿ ಗೋಡೆಯಲ್ಲಿ ಹೊಗೆ ಹೋಗಲು ಬಿಟ್ಟ ಒಂದು ಕಿಂಡಿ. ಅದರೊಳಗಿಂದ ಗಾಳೆಮ್ಮನ ಮಾತು ಕೇಳಿಸಿತು.

“ತಂಗಿ, ನೀಲಾ ನಮ್ಮಣ್ಣನ ಮಗಳಲ್ಲ. ನಾ ಹಡೆದಾಕಿ.”

ಅಲ್ಲಿಂದ ಸರಿದು ಹೋಗಬಹುದಿತ್ತು. ಹೋಗಲಿಲ್ಲ. ಕಿವಿಗೆ ಬಿತ್ತು, ನಾನೇನು ಮಾಡಲಿ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದೂ ಸುಳ್ಳು. ದಮ್ಮಡಿಯ ಬಿಲ್ಲೆಗಳು ಝಲ್ ಎನ್ನದಂತೆ ಎರಡೂ ಕೈಯ ಬೆರಳಲ್ಲಿ ಅದುಮಿ ಹಿಡಿದುಕೊಂಡು ನಿಂತಿದ್ದೆ. ಕಿವಿಗೆ ಬಿದ್ದದ್ದನ್ನು ಕೇಳುವವನು ಬಿಲ್ಲೆ ಅದುಮುತ್ತಾನೆಯೇ?

ಅವಳು ಎಲ್ಲ ಹೇಳಿಕೊಂಡಳು. ಏನೂ ತಿಳಿಯದ ವಯಸ್ಸಿನಲ್ಲಿ ಅವಳಿಗೆ ಮುತ್ತು ಕಟ್ಟಿದ್ದರು. ನೀಲಾ ಹುಟ್ಟಿದ ಮೇಲೆ, ಈ ಕೂಸಿಗೂ ಇದೇ ಗತಿ ಬರಬಾರದೆಂದು, ಮುತ್ತನ್ನು ತಾನೇ ಹರಿದು ಹೊಳೆಗೆ ಒಗೆದಳು. ಅಣ್ಣ ಒಳ್ಳೆಯವನು. ತಂಗಿಯನ್ನೂ ಕೂಸನ್ನೂ ಕರೆದುಕೊಂಡು ಗುರುತಿನವರಿಲ್ಲದ ಈ ಊರಿಗೆ ಬಂದು ನೆಲೆಸಿದ. ಇಲ್ಲಿ ಅವಳು ಗಂಡ ಸತ್ತವಳಾದಳು, ಕೂಸು ಅಣ್ಣನ ಮಗಳಾಯಿತು. “ಮಾತು ಕಲ್ತಾಗಿಂದ ನನಗ ಅತ್ತಿ ಅಂತಾಳ. ಅನ್ನಲಿ. ಚೊಲೊ ಮನಿ ಸಿಕ್ಕೈತಿ, ಸುಖವಾಗಿರಲಿ. ಆದ್ರ ತಂಗಿ, ಮದುವ್ಯಾಗ ನಾ ಆಕಿಗೆ ಅರಿಷಿಣ ಹಚ್ಚಂಗಿಲ್ಲ. ಗಂಡ ಸತ್ತಾಕಿ ಅಂತ ದೂರ ನಿಂದ್ರಸ್ತಾರ. ನೀ ಬಾ. ಬಂದು ನನ್ನ ಬಾಜುಕ ನಿಂದ್ರು, ಏನೂ ಮಾತಾಡಬ್ಯಾಡ. ಹಡೆದಾಕಿ ಇಲ್ಲಿ ಅದಾಳ ಅಂತ ಒಬ್ಬಾಕಿಗರ ಗೊತ್ತಿರಲಿ.”

ಅವಳು ಬೇಡಿದ್ದು ಇಷ್ಟೇ. “ಬರ್ತೀನಕ್ಕ” ಎಂದಳು ಕೊಟ್ರಮ್ಮ. ಆಮೇಲೆ ಒಳಗಿಂದ ಅಳುವ ಸದ್ದು ಬಂತು, ಇಬ್ಬರದೂ.

ಹೊರಗೆ ಬಂದಾಗ ಕೊಟ್ರಮ್ಮನ ಕಣ್ಣು ಕೆಂಪಗಿದ್ದವು, ಸೆರಗಿಗೆ ಗಂಟು ಬಿದ್ದಿತ್ತು. ನಾನು ಪಡಸಾಲೆಯಲ್ಲಿ ಏನೂ ಅರಿಯದವನಂತೆ ಕೂತಿದ್ದೆ. ಅವಳು ಗೋಡೆಯ ಕಡೆ ಮುಖ ಮಾಡಿ ಒಂದಿಷ್ಟು ಹೊತ್ತು ಮಲಗಿದಳು, ನಿದ್ದೆಯೂ ಹತ್ತಿತು. ಅವತ್ತು ಗುನುಗಲೂ ಇಲ್ಲ. ನನ್ನ ತಲೆಯಲ್ಲಿ ಮಾತ್ರ ಸಾಲುಗಳು ಒಂದರ ಹಿಂದೊಂದು ಬಂದು ಕೂರತೊಡಗಿದವು — ಅಬ್ಬಾ, ಅಂಥ ಸಾಲುಗಳು ಅದುವರೆಗೆ ನನಗೆ ಬಂದಿರಲಿಲ್ಲ. ಹಾಡಬಾರದು ಎಂದುಕೊಂಡೆ. ಹೆಸರು ಬಿಟ್ಟು ಹಾಡಿದರೆ ಯಾರಿಗೆ ಗೊತ್ತಾದೀತು ಎಂದೂ ಅಂದುಕೊಂಡೆ. ನಾನೇನು ಬೈದು ಹಾಡುತ್ತೇನೆಯೇ, ಹೊಗಳಿ ಹಾಡುತ್ತೇನಲ್ಲ...

ಸಂಜೆ ಕಟ್ಟೆಯ ಮುಂದೆ ಜನ ಕೂಡಿದರು. ಸಾರಾಯಿಯ ಪದ ಮುಗಿಯುವ ಹೊತ್ತಿಗೆ ಕರಗತೊಡಗಿದರು. ಪಂಚಾಯ್ತಿಯ ಟೀವಿಯಲ್ಲಿ ಧಾರಾವಾಹಿ ಶುರುವಾಗುವ ವೇಳೆ. ಹಿಂದಿನ ಸಾಲಿನವರು ಎದ್ದರು, ಅವರನ್ನು ನೋಡಿ ನಡುವಿನವರೂ ಎದ್ದರು. ನನಗೆ ಮೈ ಉರಿಯಿತು. ನಾವು ಹಾಡುವಾಗ ಜನ ಎದ್ದು ಹೋಗುವುದೆಂದರೆ! ಕೊಟ್ರಮ್ಮ ನನ್ನ ಕಡೆ ನೋಡಿ, ಬೇಗ ಊರ ಪದ ಎತ್ತಿ ಮುಗಿಸಿರಿ ಎಂಬಂತೆ ಕಣ್ಣು ಮಾಡಿದಳು. ಅವಳು ಬೆಳಿಗ್ಗೆ ತಂದು ಹೇಳಿದ್ದು ಊರಿನ ಕೆರೆಯ ಸಂಗತಿ. ನಾನು ಕೆರೆಯ ಪದ ಎತ್ತುತ್ತೇನೆಂದೇ ಅವಳು ತಾಳ ಹಿಡಿದಳು.

ನಾನು ಎತ್ತಿದ್ದು ಬೇರೆ:

“ಹುಣಸಿಯ ನೆಳ್ಳಾಗ ಹಬ್ಬೈತಿ ಒಂದು ಬಳ್ಳಿ,
ಹಡೆದಾಕಿಗಿ ಅತ್ತಿ ಅಂತೈತಿ.”

ಮರ ಹುಣಸೆಯಲ್ಲ. ಗುರುತು ಸಿಗಬಾರದೆಂದು ಇಲ್ಲಿ ಬದಲಿಸಿದ್ದೇನೆ; ನಿಜವಾದ ಮರದ ಹೆಸರಿಗೆ ಪ್ರಾಸ ಇನ್ನೂ ಚೆನ್ನಾಗಿ ಕೂಡಿತ್ತು. ಕೂಡಿತ್ತೆಂದೇ ಅದನ್ನು ಬಿಡಲಾರದೆ ಹೋದೆ. ಹೆಸರು ಬಿಟ್ಟೆ, ಮರ ಬಿಡಲಿಲ್ಲ. ಬಾಗಿಲ ಮುಂದೆ ಆ ಮರ ಇರುವ ಮನೆ ಆ ಊರಿಗೆಲ್ಲ ಒಂದೇ ಎಂದು ಬೆಳಿಗ್ಗೆ ಬಸ್ಸಿಳಿದು ವಿಳಾಸ ಕೇಳಿದಾಗಲೇ ನನಗೆ ಗೊತ್ತಾಗಿತ್ತು. ಊರವರು ಆ ಮರ ಹೇಳಿಯೇ ನಮಗೆ ದಾರಿ ತೋರಿಸಿದ್ದರು.

ಕೊಟ್ರಮ್ಮ ಒಪ್ಪಿಸಿದಳು. ಯೋಚಿಸಬಾರದೆಂದು ನಾನೇ ಕಲಿಸಿದ್ದೆನಲ್ಲ. ಅವಳ ಆ ಮೇಲಿನ ದನಿಯಲ್ಲಿ, ಊರ ಕೊನೆಯ ಮನೆಗೂ ಕೇಳುವಂತೆ, ‘ಹಡೆದಾಕಿಗಿ ಅತ್ತಿ ಅಂತೈತಿ’ ಎಂದಳು. ಎದ್ದು ಹೊರಟವರು ನಿಂತರು. ನಾನು ಮುಂದಿನ ಸಾಲು ಎತ್ತಿದೆ:

“ಕೊರಳ ಮುತ್ತ ಹರಿದು ಹೊಳಿಗೆ ಒಗೆದಾಕಿ,
ಮದುವ್ಯಾಗ ದೂರ ನಿಂತಾಳ.”

ತಾಳ ನಿಂತಿತು. ಮದುವೆಯಾದಾಗಿನಿಂದ ಕೊಟ್ರಮ್ಮನ ತಾಳ ನಿಂತದ್ದನ್ನು ನಾನು ಕೇಳಿರಲಿಲ್ಲ. ತಿರುಗಿ ನೋಡಿದೆ — ಬಾಯಿ ತೆರೆದೇ ಇತ್ತು, ದನಿ ಬರುತ್ತಿರಲಿಲ್ಲ. ಆಗಲಾದರೂ ನಾನು ನಿಲ್ಲಿಸಬೇಕಿತ್ತು. ಜನ ಮತ್ತೆ ಕೂತಿದ್ದರು, ಒಬ್ಬರೂ ಕೆಮ್ಮುತ್ತಿರಲಿಲ್ಲ. ಆ ಮೌನ ನನಗೆ ಹಿತವಾಯಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಹಿತವಾಯಿತು. ಅವಳು ಒಪ್ಪಿಸದ ಸಾಲನ್ನು ನಾನೇ ಎತ್ತಿ ನಾನೇ ಒಪ್ಪಿಸಿ ಪದ ಮುಗಿಸಿದೆ.

ಮುಂದಿನ ಸಾಲಿನಲ್ಲಿ ಕೂತಿದ್ದ ಗಾಳೆಮ್ಮ ಎದ್ದು, ತಲೆಯ ಮೇಲೆ ಸೆರಗು ಎಳೆದುಕೊಂಡು, ಜನರ ನಡುವೆಯೇ ನಡೆದು ಹೋದಳು. ಹೋಗುವಾಗ ಅವಳನ್ನು ಎಲ್ಲರೂ ನೋಡಿದರು. ಗೆಳತಿಯರ ಜೊತೆ ಕೂತಿದ್ದ ನೀಲಾಳೂ ನೋಡಿದಳು. ಗಂಡಿನ ದೊಡ್ಡಪ್ಪ ಹೂವಿನ ವ್ಯಾಪಾರದವನು, ಮೊಗ್ಗು ಒಯ್ಯಲು ಬಂದವನು ಹಾಡು ಕೇಳುತ್ತಾ ಅಲ್ಲೇ ನಿಂತಿದ್ದ ಎಂಬುದು ನನಗೆ ಆಮೇಲೆ ತಿಳಿಯಿತು. ಆ ಮದುವೆ ಆಗಲಿಲ್ಲ. ‘ನಿಮ್ಮ ಸಂಬಂಧ ನಮಗ ಬ್ಯಾಡ’ ಎಂದು ಅವರು ಹೇಳಿ ಕಳಿಸಿದರಂತೆ.

ನೀಲಾ ಆ ಸಂಜೆಯೇ ಮನೆಯಲ್ಲಿ ಕೇಳಿದಳಂತೆ, ನನ್ನನ್ನು ಹಡೆದವರು ಯಾರು ಎಂದು. ಸುಳ್ಳು ಹೇಳುವ ಶಕ್ತಿ ಗಾಳೆಮ್ಮನಿಗೆ ಉಳಿದಿರಲಿಲ್ಲ. ಅಂದಿನಿಂದ ಆ ಹುಡುಗಿ ಗಾಳೆಮ್ಮನನ್ನು ಅತ್ತೆ ಎನ್ನುವುದನ್ನು ಬಿಟ್ಟಳು, ಅವ್ವ ಎಂದೂ ಕರೆಯಲಿಲ್ಲ. ಒಂದೆರಡು ವರ್ಷದ ಮೇಲೆ ದೂರದ ಊರಿಗೆ ಮದುವೆಯಾಗಿ ಹೋದಳು. ಆ ಮದುವೆಗೆ ಗಾಳೆಮ್ಮ ಬರುವುದು ಬೇಡವೆಂದು ಅವಳೇ ಹೇಳಿದಳಂತೆ.

ಮರುದಿನ ಬೆಳಿಗ್ಗೆಗೆ ಬರುತ್ತೇನೆ. ನಾನು ಮಾಡಿದ ದೊಡ್ಡ ತಪ್ಪು ಅದು. ಹಾಡಿದ್ದು ಅದರ ಮುಂದೆ ಸಣ್ಣದು.

ಹಾಡು ಮುಗಿದಾಗಿನಿಂದ ಕೊಟ್ರಮ್ಮ ನನ್ನ ಜೊತೆ ಒಂದು ಮಾತೂ ಆಡಿರಲಿಲ್ಲ. ರಾತ್ರಿ ಶಾಲೆಯ ಜಗಲಿಯಲ್ಲಿ ಕಳೆದೆವು. ಬೆಳಿಗ್ಗೆ ಬಸ್ಸು ನಿಲ್ಲುವ ಕಡೆ ನಿಂತಿದ್ದಾಗ ಗಾಳೆಮ್ಮ ಬಂದಳು. ಬೈಯುತ್ತಾಳೆಂದುಕೊಂಡೆ, ಬೈಯಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಕೊಟ್ರಮ್ಮನ ಮುಂದೆ ನಿಂತು ಅವಳ ಸೆರಗಿನ ತುದಿ ಕೈಗೆ ತೆಗೆದುಕೊಂಡಳು. ಗಂಟು ಇನ್ನೂ ಹಾಗೇ ಇತ್ತು.

“ಗಂಟು ಹಾಕಿದ್ಯಲ್ಲ ತಂಗಿ” ಎಂದಳು. “ನನ್ನ ಮುಂದನ ಹಾಕಿದ್ದಿ.”

“ಅಕ್ಕಾ, ನಾ ಹೇಳಿಲ್ಲ. ನಿಮ್ಮ ಪಾದದಾಣಿ, ನಾ ಇವರ ಮುಂದ ಬಾಯಿ ಬಿಟ್ಟಿಲ್ಲ” ಎಂದು ಕೊಟ್ರಮ್ಮ ಅವಳ ಕಾಲಿಗೆ ಬಗ್ಗಿದಳು. ಆಮೇಲೆ ನನ್ನ ಕಡೆ ತಿರುಗಿದಳು. “ಹೇಳ್ರಿ. ನಿಮಗ ಹೆಂಗ ಗೊತ್ತಾತು? ಯಾರು ಹೇಳಿದ್ರು ನಿಮಗ? ಹೇಳ್ರಿ ಅಕ್ಕನ ಮುಂದ.”

ಕಿಂಡಿಯ ಹಿಂದೆ ನಿಂತು ಕದ್ದು ಕೇಳಿದೆ ಎನ್ನಬೇಕಿತ್ತು. ಎಷ್ಟು ಸಣ್ಣ ಮಾತು ನೋಡಿ. ಊರೂರಿಗೆ ಬುದ್ಧಿ ಹೇಳುವವನು, ಶಾಲು ಹೊದಿಸಿಕೊಂಡವನು, ಉಂಡ ಮನೆಯ ಹಿತ್ತಲಲ್ಲಿ ನಿಂತು ಹೆಂಗಸರ ಮಾತು ಕದ್ದವನು — ಈ ಹೆಸರು ಬರುತ್ತದಲ್ಲ ಎಂದು ಹೆದರಿದೆ. ಆಗ ನನ್ನ ಬಾಯಿಗೆ ಬಂದದ್ದು ಊರೂರಲ್ಲಿ ಹೇಳಿ ನಗಿಸಿದ್ದ ಆ ಮಾತು.

“ನೀನ ಅಂದಿ” ಎಂದೆ. “ನಿನ್ನೆ ಮಧ್ಯಾಹ್ನ ಮಲಗಿದ್ದಾಗ. ನಿದ್ದ್ಯಾಗ.”

ಕೊಟ್ರಮ್ಮ ನನ್ನನ್ನೇ ನೋಡಿದಳು. ಅಲ್ಲ ಎನ್ನುತ್ತಾಳೆ ಎಂದು ಕಾದೆ. ಅಲ್ಲ ಎಂದಿದ್ದರೆ ನಾನು ಜಗಳವಾಡುತ್ತಿದ್ದೆನೋ, ಸಿಕ್ಕಿಬೀಳುತ್ತಿದ್ದೆನೋ. ಆದರೆ ಅವಳು ಅನ್ನಲಿಲ್ಲ — ಹೇಗೆ ಅಂದಾಳು, ನಿದ್ದೆಯಲ್ಲಿ ತಾನು ಏನಂದೆ ಎಂದು ಯಾರಿಗೆ ಗೊತ್ತಿರುತ್ತದೆ? ನಾನು ಹೇಳಿದ್ದನ್ನು ಒಪ್ಪಿಸುವುದು ಅವಳಿಗೆ ರೂಢಿಯಾಗಿತ್ತು. ಮೆಲ್ಲಗೆ ಕೈ ಎತ್ತಿ ತನ್ನ ಬಾಯಿ ಮುಚ್ಚಿಕೊಂಡಳು. ಗಾಳೆಮ್ಮ ಸೆರಗಿನ ತುದಿ ಕೈಬಿಟ್ಟು ಹೋದಳು. ಬಸ್ಸು ಬಂತು, ನಾವು ಹತ್ತಿದೆವು.

ಬಸ್ಸಿನಲ್ಲಿ ಹೇಳಬಹುದಿತ್ತು. ಮನೆಗೆ ಹೋಗಿ ಹೇಳಬಹುದಿತ್ತು. ಮರುದಿನ, ಮರುವಾರ... ಸುಳ್ಳಿಗೆ ವಯಸ್ಸಾದಷ್ಟೂ ಅದನ್ನು ಕೀಳುವುದು ಕಷ್ಟವಾಯಿತು. ನಾಳೆ ಹೇಳಿದರಾಯಿತು ಎಂದೇ ನಾನು ಬದುಕಿದೆ.

ಅಂದಿನಿಂದ ಕೊಟ್ರಮ್ಮ ಹಗಲು ಮಲಗುವುದನ್ನು ಬಿಟ್ಟಳು. ಪರರ ಮನೆಯಲ್ಲಿ ರಾತ್ರಿ ಉಳಿಯಲೂ ಒಪ್ಪುತ್ತಿರಲಿಲ್ಲ. ಉಳಿಯಬೇಕಾಗಿ ಬಂದರೆ ಗೋಡೆಗೆ ಒರಗಿ ಎಚ್ಚರವಾಗೇ ಕೂತಿರುತ್ತಿದ್ದಳು. ಹೆಂಗಸರ ನಡುವೆ ಹೋಗಿ ಕೂರುವುದೂ ನಿಂತಿತು. ಯಾರಾದರೂ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಮಾತು ತೆಗೆದರೆ, “ನನ್ನ ಮುಂದ ಹೇಳಬ್ಯಾಡ್ರಿ, ನನ್ನ ಬಾಯಿ ಚೊಲೊ ಅಲ್ಲ” ಎಂದು ಎದ್ದುಬಿಡುತ್ತಿದ್ದಳು. ಸೆರಗಿಗೆ ಮತ್ತೆ ಗಂಟು ಬೀಳಲಿಲ್ಲ. ಮನೆಯಲ್ಲಿ ಮಲಗುವಾಗ ಸೆರಗಿನ ತುದಿಯನ್ನು ಮಡಿಸಿ ಹಲ್ಲಿನ ನಡುವೆ ಕಚ್ಚಿಕೊಳ್ಳುತ್ತಿದ್ದಳು. ಬೆಳಿಗ್ಗೆ ನೋಡಿದರೆ ತುದಿ ಒದ್ದೆಯಾಗಿರುತ್ತಿತ್ತು. ನಾನು ಪಕ್ಕದಲ್ಲೇ ಮಲಗಿದ್ದೆ. ಅದನ್ನು ನೋಡುತ್ತಾ ಮಲಗಿದ್ದೆ, ಮತ್ತು ಏನೂ ಹೇಳಲಿಲ್ಲ.

ಅವಳ ಗುನುಗೂ ನಿಂತಿತು. ಒಂದೆರಡು ವರ್ಷ ಹೇಗೋ ತಿರುಗಿದೆವು. ನಾನು ಎತ್ತಿದ ಸಾಲನ್ನು ಒಪ್ಪಿಸುವ ಮುನ್ನ ಅವಳು ಯೋಚಿಸತೊಡಗಿದ್ದಳು, ತಾಳ ತಪ್ಪುತ್ತಿತ್ತು. ಹಗರಿಬೊಮ್ಮನಹಳ್ಳಿಯ ಒಂದು ಕಾರ್ಯಕ್ರಮದಲ್ಲಿ ನಡುವೆಯೇ ತಾಳ ಕೆಳಗಿಟ್ಟು, “ನನಗಾಗಾದಿಲ್ಲರಿ” ಎಂದು ಮೆಲ್ಲಗೆ ಹೇಳಿ ಎದ್ದು ಹೋದಳು. ಆಮೇಲೆ ಹಾಡಲೇ ಇಲ್ಲ. ಕೇಳಿದವರಿಗೆಲ್ಲ ನಾನು ಗಂಟಲಿನ ಬೇನೆ ಎಂದೆ. ಡಾಕ್ಟರು ಮಾತಾಡಬೇಡ ಅಂದಾರೆ ಎಂದೆ. ಕನಿಕರಪಟ್ಟು ಜೇನು, ಶುಂಠಿ ಕೊಟ್ಟು ಕಳಿಸಿದವರಿದ್ದೀರಿ ನಿಮ್ಮಲ್ಲಿ. ಆ ಗಂಟಲಿಗೆ ಏನೂ ಆಗಿರಲಿಲ್ಲ. ಇದನ್ನು ಬರೆಯಲು ಅದೂ ಒಂದು ಕಾರಣ. ನಾನು ಒಬ್ಬನೇ ಹಾಡಲು ನೋಡಿದೆ, ಆಗಲಿಲ್ಲ. ಸಾಲು ಎತ್ತಿ ಒಪ್ಪಿಸುವ ದನಿಗೆ ಕಾಯುವ ಅಭ್ಯಾಸ, ಪ್ರತಿ ಸಾಲಿಗೂ ನಿಂತುಬಿಡುತ್ತಿದ್ದೆ. ಕೊನೆಗೆ ದಮ್ಮಡಿಯನ್ನು ಗೂಟಕ್ಕೆ ನೇತುಹಾಕಿ ಕೂಲಿ ಕೆಲಸಕ್ಕೆ ಹೋದೆ.

ವರ್ಷವರ್ಷ ಮಲ್ಲಿಗೆಯ ಕಾಲದಲ್ಲಿ ಕೊಟ್ರಮ್ಮ ಒಂದು ದಿನ ಎಲ್ಲಿಗೋ ಹೋಗಿ ಬರುತ್ತಿದ್ದಳು. ಕೊಟ್ಟೂರಿಗೆ, ತವರಿಗೆ ಎನ್ನುತ್ತಿದ್ದಳು. ನಾನು ಕೆದಕಲಿಲ್ಲ. ಎಲ್ಲಿಗೆಂದು ನನಗೆ ಒಳಗೊಳಗೇ ಗೊತ್ತಿತ್ತು.

ಅವಳು ಹೋಗಿ ಈಗ ಕೆಲವು ವರ್ಷಗಳಾದವು. ಕಾಮಾಲೆ ಏರಿತ್ತು. ಕೊನೆಯ ದಿನಗಳಲ್ಲಿ ಮಂಪರು. ಮಂಪರಿನಿಂದ ಎಚ್ಚರಾದಾಗಲೆಲ್ಲ ಗಾಬರಿಯಿಂದ ನನ್ನ ಕೈ ಹಿಡಿಯುತ್ತಿದ್ದಳು. ನೀರು ಕೇಳುತ್ತಿರಲಿಲ್ಲ, ನೋವು ಎನ್ನುತ್ತಿರಲಿಲ್ಲ. ಒಂದೇ ಮಾತು ಕೇಳುತ್ತಿದ್ದಳು.

“ನಿದ್ದ್ಯಾಗ ಏನರ ಅಂದೆನೇನ್ರಿ?”

“ಇಲ್ಲ. ಏನೂ ಅಂದಿಲ್ಲ. ಮಲಕ್ಕೋ.”

“ಖರೇನ?”

“ಖರೇನ.”

ಆಗ ಹೇಳಬೇಕಿತ್ತು — ಇವತ್ತೂ ಅಂದಿಲ್ಲ, ಅವತ್ತೂ ಅಂದಿರಲಿಲ್ಲ ಲೇ ಕೊಟ್ರಿ, ನಾ ಕಳ್ಳ, ನಾ ಹಿತ್ತಲಾಗ ನಿಂತಿದ್ದೆ... ಮಾತು ಹಲ್ಲಿನ ಹಿಂದೆ ಬಂದು ನಿಂತಿತ್ತು. ಸಾಯುವವಳ ಕಣ್ಣಿನಲ್ಲಿ ನಾನು ಸಣ್ಣವನಾಗಲು ಹೆದರಿದೆ. ಸಾಯುವವಳ ಮುಂದೆಯೂ ನನಗೆ ನನ್ನದೇ ಚಿಂತೆ. ಅವಳು ಕಣ್ಣು ಮುಚ್ಚುವ ಮುನ್ನ ಸೆರಗಿಗಾಗಿ ತಡಕಾಡಿದಳು. ತುದಿಯನ್ನು ಮಡಿಸಿ ಅವಳ ಹಲ್ಲಿನ ನಡುವೆ ಇಟ್ಟವನು ನಾನೇ. ಈ ಕೈಯಿಂದಲೇ ಇಟ್ಟೆ.

ಅವಳು ಹೋದ ಮೇಲೂ ಗಾಳೆಮ್ಮನ ಊರಿಗೆ ಹೋಗಲು ನನಗೆ ಬಹಳ ದಿನ ಬೇಕಾಯಿತು. ಹೋದಾಗ ಅವಳು ಪಡಸಾಲೆಯಲ್ಲಿ ಒಬ್ಬಳೇ ಹೂ ಕಟ್ಟುತ್ತಿದ್ದಳು. ತಲೆ ಪೂರಾ ಬೆಳ್ಳಗಾಗಿತ್ತು. ನನ್ನ ಗುರುತು ಹಿಡಿದಳು, ಕೂತುಕೋ ಎನ್ನಲಿಲ್ಲ. ನಿಂತುಕೊಂಡೇ ಹೇಳಿದೆ. ಕಿಂಡಿ, ದಮ್ಮಡಿಯ ಬಿಲ್ಲೆ, ಬಸ್ಸಿನ ಹತ್ತಿರ ಆಡಿದ ಸುಳ್ಳು, ಎಲ್ಲ. ಅವಳ ಕೈ ಹೂವಿನ ಮೇಲೆ ನಿಂತುಬಿಟ್ಟಿತು.

“ಆಕಿ ಮುಂದ ಹೇಳಿದ್ಯಾ?”

“ಇಲ್ಲ.”

“ಹಂಗ ಹೋದಳಾ? ತಾನ ಹೇಳೀನಿ ಅನಕೊಂಡು?”

ಹೌದೆಂದು ತಲೆಯಾಡಿಸಿದೆ. ಅವಳು ಕಟ್ಟುತ್ತಿದ್ದ ಹೂ ಕೆಳಗಿಟ್ಟಳು. ಆಮೇಲೆ ಹೊಸ್ತಿಲ ಕಡೆ ನೋಡುತ್ತಾ ಹೇಳಿದಳು: “ವರ್ಸಾ ಬರ್ತಿದ್ಲು. ಅಲ್ಲೇ, ಹೊಸ್ತಿಲ ಹೊರಗ ಕುಂದ್ರುತಿದ್ಲು. ತಪ್ಪಾತಕ್ಕ, ನಿದ್ದ್ಯಾಗ ಬಂದೈತಿ ಅಂತಿದ್ಲು. ಬಿಸಿಲಾಗ ನಡಕೊಂಡು ಬಂದಾಕಿ. ನಾ ಒಂದ್ ವರ್ಸನೂ ಒಳಗ ಬಾ ಅನ್ನಲಿಲ್ಲ. ಒಂದ್ ಚಂಬು ನೀರು ಕೊಡಲಿಲ್ಲ.” ಹೊಸ್ತಿಲಿನಿಂದ ಕಣ್ಣು ತೆಗೆದು ನನ್ನನ್ನು ನೋಡಿದಳು. “ನನ್ನ ಮಾತು ಕಾದಾಕಿ ಆಕಿ ಒಬ್ಬಾಕಿ. ಆಕಿಗೆ ನನ್ನ ಕೈಲೆ ಇಂಥಾದ್ದು ಮಾಡಿಸಿದ್ಯಲ್ಲೋ.”

ನಾನು ಅವಳ ಕಾಲು ಹಿಡಿಯಲು ಹೋದೆ, ಕಾಲು ಹಿಂದೆಳೆದುಕೊಂಡಳು.

“ಅವತ್ತು ಎಲ್ಲಿ ನಿಂತು ಹಾಡಿದ್ದಿ?”

“ಕಟ್ಟಿ ಮ್ಯಾಲ.”

“ಅಲ್ಲೇ ನಿಂತು ಹೇಳು, ಆಕಿ ಹೇಳಿದ್ದಿಲ್ಲ ಅಂತ. ನನ್ನ ಸುದ್ದಿ ಮತ್ತ ಎತ್ತಬ್ಯಾಡ, ಆಕಿದಷ್ಟು ಹೇಳು. ಹಾಡಬ್ಯಾಡ. ಹಾಡಿದ್ರ ಮತ್ತ ನಿನಗ ಚಪ್ಪಾಳಿ ಬಡಿತಾರ.”

ಸಂಜೆ ಕಟ್ಟೆ ಹತ್ತಿದೆ. ಬೇರೆ ಬೇರೆ ಮಾತಾಡುತ್ತಾ ಕೂತಿದ್ದ ಹತ್ತಾರು ಜನ, ಅವರಲ್ಲಿ ಹಿಂದಿನವರು ಕೆಲವರು. ಗಾಳೆಮ್ಮ ದೂರದಲ್ಲಿ ಒಂದು ಬಾಗಿಲಿಗೆ ಒರಗಿ ನಿಂತಿದ್ದಳು. ನಾನು ಹುಲುಗಪ್ಪ, ನನ್ನ ಹೆಂಡತಿ ಕೊಟ್ರಮ್ಮ, ನಾವು ಇಲ್ಲಿ ಹಾಡಿದ್ದೆವು ಎಂದೆ. ಅವಳನ್ನು ನಂಬಿ ಹೇಳಿದ ಮಾತನ್ನು ಕದ್ದು ಕೇಳಿದವನು ನಾನು, ತಪ್ಪು ಅವಳ ತಲೆಗೆ ಕಟ್ಟಿದವನೂ ನಾನು ಎಂದೆ. ಜನ ಸುಮ್ಮನಾದರು. ಈ ಸಲದ ಮೌನ ಹಿತವಾಗಲಿಲ್ಲ.

“ಕೊಟ್ರಮ್ಮ ಹೇಳಿದ್ದಿಲ್ಲ” ಎಂದೆ.

ಎಂದು, ಅಭ್ಯಾಸ ಬಲದಿಂದ ನಿಂತೆ. ಅವಳು ಒಪ್ಪಿಸಲಿ ಎಂದು ಕಾಯುವ ಹಾಗೆ ನಿಂತೆ. ಬಲಗಡೆ ತಿರುಗಿಯೂ ನೋಡಿದೆ, ಅವಳು ಕೂರುತ್ತಿದ್ದ ಕಡೆ.

ದೂರದ ಬಾಗಿಲಿನಿಂದ ಗಾಳೆಮ್ಮನ ದನಿ ಬಂತು. ರಾಗವಿಲ್ಲ, ತಾಳವಿಲ್ಲ. ನನ್ನ ಕಡೆ ನೋಡಿ ಹೇಳಿದ್ದೂ ಅಲ್ಲ.

“ಕೊಟ್ರಮ್ಮ ಹೇಳಿದ್ದಿಲ್ಲ.”

ಅಷ್ಟು ಹೇಳಿ ಅವಳು ಒಳಗೆ ಹೋದಳು. ನಾನು ಕಟ್ಟೆಯಿಂದ ಇಳಿದೆ.